ಜಪಾನಿನ ಚಹಾ ಹಸನು ಮಾಡಿದ್ದು

ನಮ್ಮ ಮಾವನವರು ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. ಇದ್ದ ವಿಷಯಕ್ಕೆ ಸ್ವಲ್ಪ ನೀರು ಸೇರಿಸುತ್ತಿದ್ದರು, ಅಷ್ಟೆ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ ಅಷ್ಟಾದರೂ ಮಾಡಬೇಡವೇ?

ಅವರ ಕೆಲಸ ನೀರಿನ ಮೀಟರು ಪರೀಕ್ಷೆ ಮಾಡುವುದು. ಪಂಪ್ ಮನೆಯ ಪಕ್ಕದಲ್ಲಿ, ನಾಲ್ಕು ಮೆಟ್ಟಿಲು ಇಳಿದರೆ ಅವರ ಕೋಣೆ. ಒಂದು ಉದ್ದನೆಯ ಬೆಂಚು, ಅದರ ಮೇಲೆ ಸಾಲಾಗಿ ಕೆಟ್ಟ ಮೀಟರುಗಳು, ಒಂದು ನಲ್ಲಿ, ಒಂದು ಅಳತೆಯ ಬಕೆಟು, ಕೂರಲು ಒಂದು ಸ್ಟೂಲು. ಮೀಟರಿನೊಳಗೆ ಒಂದು ಬಕೆಟ್ ನೀರು ಹಾಯಿಸಬೇಕು. ಅದು ಒಂದು ಬಕೆಟ್ಟು ಎಂದು ಮುಳ್ಳು ಒಪ್ಪಿಕೊಳ್ಳುತ್ತದೋ ಇಲ್ಲವೋ ನೋಡಬೇಕು. ಇದರಿಂದ ಅವರಿಗೆ ಕಿವಿ ಎಷ್ಟು ಚುರುಕಾಗಿತ್ತೆಂದರೆ, ಮೂರನೇ ಮನೆಯ ನಲ್ಲಿ ತೊಟ್ಟಿಕ್ಕಿದರೆ ಇಲ್ಲಿ ಊಟಕ್ಕೆ ಕೂತವರು ಎದ್ದು ಹೋಗಿ ಅವರ ಬಾಗಿಲು ಬಡಿಯುತ್ತಿದ್ದರು. ಆದರೆ ಮೇಲಿನ ಮೂರು ಮಹಡಿಯ ಸಾಹೇಬರುಗಳಿಗೆ ಆ ಕೋಣೆ ನೆನಪಾಗುತ್ತಿದ್ದುದು ಒದ್ದೆ ಕೊಡೆ ಇಡಲು ಜಾಗ ಬೇಕಾದಾಗ ಮಾತ್ರ.

ಅಂಥ ಕೋಣೆಯ ಪಕ್ಕಕ್ಕೆ ಹೊಸ ಪಂಪು ಬಂತು. ಅದನ್ನು ಕೂರಿಸಲು ಜಪಾನಿನಿಂದ ಒಬ್ಬ ಎಂಜಿನಿಯರು ಬಂದ. ಮೂರು ವಾರ ಇದ್ದು, ಹೊರಡುವ ದಿನ ನಾಲ್ಕು ಮೆಟ್ಟಿಲು ಇಳಿದು, ಎರಡೂ ಕೈಯಲ್ಲಿ ಹಿಡಿದು ನಮ್ಮ ಮಾವನವರಿಗೆ ಒಂದು ಹಸಿರು ಡಬ್ಬಿ ಕೊಟ್ಟ. ಭಾಷೆ ಬರುವ ದುಭಾಷಿ ಆಗಲೇ ಕಾರಿನಲ್ಲಿ ಕೂತಾಗಿತ್ತು. ಎಂಜಿನಿಯರು ಡಬ್ಬಿ ತೋರಿಸಿದ. ಮೂರು ಬೆರಳು ಎತ್ತಿದ. ಆಮೇಲೆ ಮೂಗು ಮುಟ್ಟಿ, ಕೈಯನ್ನು ಅತ್ತಿತ್ತ ಆಡಿಸಿದ. ಆಮೇಲೆ ಬಗ್ಗಿ ನಮಸ್ಕಾರ ಮಾಡಿದ. ಮಾವನವರೂ ಬಗ್ಗಿದರು. ಇಬ್ಬರ ತಲೆಯೂ ಢೀ ಕೊಟ್ಟಿತು. ಎರಡು ದೇಶಗಳ ಸ್ನೇಹ ಹೀಗೆ ಶುರುವಾಯಿತು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಅದಾಗಿ ಒಂದು ತಿಂಗಳಿಗೆ. ನನಗಿಂತ ಮೊದಲು ಬಂದಿದ್ದ ಆ ಡಬ್ಬಿಗೇ ಮನೆಯಲ್ಲಿ ಮರ್ಯಾದೆ ಜಾಸ್ತಿ ಇತ್ತು. ಮುಂದಿನ ಕೋಣೆಯ ಗಾಜಿನ ಬೀರುವಿನಲ್ಲಿ, ನಮ್ಮ ಮನೆಯವರು ಶಾಲೆಯ ಓಟದಲ್ಲಿ ಗೆದ್ದ ಬಟ್ಟಲಿನ ಪಕ್ಕ, ಅದಕ್ಕೆ ಪೀಠ. ಬಂದವರಿಗೆಲ್ಲ ಮಾವನವರು ಬೀಗ ತೆಗೆದು, ಮುಚ್ಚಳ ಬಿಚ್ಚಿ ಮೂಗಿನ ಹತ್ತಿರ ಹಿಡಿಯುತ್ತಿದ್ದರು.

"ಮೂಸಿ. ಮೂಸೋದಕ್ಕೆ ಮಾತ್ರ. ಕುಡಿಯೋದಕ್ಕೆ ಸಮಯ ಬರಬೇಕು."

"ಯಾವಾಗ ಬರುತ್ತೆ?" ಎಂದು ಎದುರು ಮನೆಯ ಟೈಲರು ಕೇಳಿದ.

"ಅದನ್ನ ಜಪಾನಲ್ಲಿ ಕೇಳಲ್ಲ. ಅವರದು ಒಂದು ಪದ್ಧತಿ ಇದೆ. ನಂಗೆ ಎಲ್ಲಾ ತೋರಿಸಿಕೊಟ್ಟಿದ್ದಾನೆ. ದಿನಾ ಸಂಜೆ ನಾವಿಬ್ರೂ ಕೂತು ಅದೇ ಕುಡೀತಿದ್ವಿ. ಪಂಪೂ ನನ್ನನ್ನ ಕೇಳೇ ಕೂರಿಸಿದ್ದು."

ಕುಡಿದದ್ದೂ ಇಲ್ಲ, ಕೇಳಿದ್ದೂ ಇಲ್ಲ. ನೀರು ಸೇರಿಸಿದ್ದು. ಆದರೆ ಆ ಮೂರು ಬೆರಳು ಮತ್ತು ಮೂಗು ಮಾತ್ರ ಅವರ ನಿದ್ದೆ ಕೆಡಿಸಿತ್ತು. ಪದ್ಧತಿ ಗೊತ್ತಿದೆ ಎಂದ ಮೇಲೆ ಅರ್ಥ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಆದ್ದರಿಂದ ಬಂದವರಿಗೆ, "ಹೇಳಿ ನೋಡೋಣ, ಇದರ ಅರ್ಥ ಏನು?" ಎಂದು ಪರೀಕ್ಷೆ ಇಡುವವರಂತೆ ಕೇಳುತ್ತಿದ್ದರು.

"ಮೂರು ಚಮಚ ಸಕ್ಕರೆ. ಮೂಗು ಅಂದ್ರೆ, ಅಷ್ಟಿಲ್ಲದಿದ್ರೆ ಉಸಿರಾಡಕ್ಕಾಗಲ್ಲ, ಅಷ್ಟು ಕಹಿ ಅಂತ," ಎಂದ ಟೈಲರು.

ಮೇಲ್ಮನೆಯಲ್ಲಿ ಬಾಡಿಗೆಗಿದ್ದ ಆಹಾರ ತಪಾಸಣೆಯವರು, "ದಿನಕ್ಕೆ ಮೂರು ಸಲ. ಶೀತಕ್ಕೆ," ಎಂದರು.

ನಮ್ಮತ್ತೆ ಒಳಗಿನಿಂದಲೇ ಕೂಗಿದರು: "ಆಗ ಮನೇಲಿ ಮೂರು ಜನ ಇದ್ವಲ್ಲ, ಮೂರು ಜನಾನೂ ಕುಡೀರಿ ಅಂದಿರ್ತಾನೆ ರೀ. ಮೂಗಿಗೆ ಪಾಪ ಏನೋ ತುರಿಕೆ ಬಂದಿತ್ತೇನೋ."

ಮಾವನವರು ಎಲ್ಲರ ಉತ್ತರಕ್ಕೂ ತಲೆಯಾಡಿಸಿ, "ಹತ್ತಿರ ಬಂದ್ರಿ," ಎನ್ನುತ್ತಿದ್ದರು.

ಹೀಗೆ ಎರಡು ತಿಂಗಳು ಕಳೆಯಿತು. ಒಂದು ಭಾನುವಾರ ತಪಾಸಣೆಯವರು ಮೂಸಲು ಬಂದವರು ಮೂಸುವುದನ್ನು ಬಿಟ್ಟು ಡಬ್ಬಿಯೊಳಗೆ ಇಣುಕಿದರು. ಅಂಗಿಯ ಜೇಬಿನಿಂದ ಭೂತಗನ್ನಡಿ ತೆಗೆದರು. ಆ ಮನುಷ್ಯನ ಜೇಬಿನಲ್ಲಿ ಅದು ಸದಾ ಇರುತ್ತಿತ್ತು. ನೆಂಟರ ಮನೆ ಊಟಕ್ಕೆ ಹೋದರೂ ತೆಗೆಯುತ್ತಿದ್ದರಂತೆ, ಅದಕ್ಕೇ ನೆಂಟರು ಕಡಿಮೆ. ಬೆರಳಿನಿಂದ ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದರು.

"ಅಕ್ಕಿ."

"ಏನಂದ್ರಿ?"

"ಅಕ್ಕಿ ಕಣ್ರೀ. ಟೀ ಸೊಪ್ಪಲ್ಲಿ ಅಕ್ಕಿ. ಹುರಿದು ಬಣ್ಣ ಕೊಟ್ಟಿದ್ದಾನೆ, ಗೊತ್ತಾಗಬಾರದು ಅಂತ. ನೋಡಿ, ಕೆಲವು ಬಿಸಿಗೆ ಸಿಡಿದು ಬೆಳ್ಳಗೆ ಅರಳಿವೆ. ತೂಕಕ್ಕೆ ಬೆರೆಸಿರೋದು. ಅನ್ಯವಸ್ತು ಶೇಕಡ ನಲವತ್ತು! ಇಪ್ಪತ್ತು ವರ್ಷದ ಸರ್ವೀಸಲ್ಲಿ ಇಷ್ಟು ನಿರ್ಭಯವಾದ ಕಲಬೆರಕೆ ನಾನು ನೋಡಿಲ್ಲ."

ಮಾವನವರ ಮುಖ ಕೆಂಪಾಯಿತು, ಬಿಳಿಚಿತು, ಮತ್ತೆ ಕೆಂಪಾಯಿತು. ಅವರಿಗೆ ಕೋಪ ಬಂದದ್ದು ಎಂಜಿನಿಯರನ ಮೇಲಲ್ಲ. "ಪಾಪ, ಆ ಸಾಧು ಮನುಷ್ಯನಿಗೆ ಯಾವನೋ ಅಂಗಡಿಯವನು ಟೋಪಿ ಹಾಕಿದ್ದಾನೆ ರೀ! ಅಲ್ಲಿಂದ ಇಲ್ಲಿವರೆಗೂ ಹೊತ್ಕೊಂಡು ಬಂದಿದ್ದಾನಲ್ಲ!" ಎಂದು ಜಪಾನಿಗೆ ಒಂದು ಎಚ್ಚರಿಕೆಯ ಪತ್ರ ಬರೆಯಲು ಕೂತರು. ವಿಳಾಸವಿಲ್ಲದ್ದರಿಂದ ಅರ್ಧಕ್ಕೆ ಬಿಟ್ಟರು. ಮರುದಿನ ಕೆಲಸಕ್ಕೆ ಹೊರಡುವಾಗ ಡಬ್ಬಿಯನ್ನು ಅತ್ತೆಯ ಕೈಗಿಟ್ಟು, "ಇವಳೇ, ಇದನ್ನ ಹಸನು ಮಾಡಿಡು. ಒಂದು ಕಾಳೂ ಉಳೀಬಾರದು. ಹೊರಗೆ ಬಾಯಿ ಬಿಡಬೇಡಿ. ಇದು ಅವನ ಮರ್ಯಾದೆ ಪ್ರಶ್ನೆ," ಎಂದರು.

ಅತ್ತೆ ನನ್ನನ್ನು ಕರೆದರು. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಮಾತು ಎಂದರೆ, "ಉಪ್ಪು ಹಾಕಿದ್ಯಾ?" "ಹೂಂ," ಅಷ್ಟೆ. ನನಗೆ ಅವರನ್ನು ಕಂಡರೆ ಹೆದರಿಕೆ. ಅವರಿಗೆ ನನ್ನನ್ನು ಕಂಡರೆ ಹೆದರಿಕೆ ಎಂದು ಆಮೇಲೆ ಗೊತ್ತಾಯಿತು. ಹಿತ್ತಲ ಬಾಗಿಲ ಬಿಸಿಲಲ್ಲಿ ಮೊರ ಇಟ್ಟುಕೊಂಡು ಎದುರುಬದುರು ಕೂತೆವು. ಹಸಿರು ಸೂಜಿಯಂಥ ಎಲೆ ಒಂದು ಕಡೆ, ಕಂದು ಕಾಳು ಒಂದು ಕಡೆ. ಅರ್ಧ ಗಂಟೆ ಆರಿಸಿದೆವು. ಆಮೇಲೆ ಅತ್ತೆ ಆ ಕಡೆ ಈ ಕಡೆ ನೋಡಿ ಒಂದು ಕಾಳು ಬಾಯಿಗೆ ಹಾಕಿಕೊಂಡರು.

ಕರುಂ.

"ಚೆನ್ನಾಗಿದೆ ಕಣೇ," ಎಂದರು.

ನಾನೂ ಒಂದು ಹಾಕಿಕೊಂಡೆ. ಕರುಂ. ಹುರಿದ ಪರಿಮಳ ಮೂಗಿನ ತುದಿವರೆಗೂ ಏರಿತು.

ಅದಾದ ಮೇಲೆ ಎಲ್ಲಿ ನಿಲ್ಲುತ್ತದೆ! ಎರಡು ಮಧ್ಯಾಹ್ನ ಆರಿಸಿದೆವು, ಎರಡು ಮಧ್ಯಾಹ್ನ ತಿಂದೆವು. ಬಾಯಿ ಬಿಟ್ಟುಕೊಂಡ ಮೇಲೆ ಅಕ್ಕಿ ಒಳಕ್ಕೆ, ಮಾತು ಹೊರಕ್ಕೆ. ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಹಾಲು ಉಕ್ಕಿಸಿ, ಯಾರಿಗೂ ಗೊತ್ತಾಗದ ಹಾಗೆ ತಮ್ಮ ಸೀರೆಯಲ್ಲೇ ಒರೆಸಿದ್ದು, ಆ ಸೀರೆಯ ವಾಸನೆಗೆ ಬೆಕ್ಕು ಮೂರು ದಿನ ಬೆನ್ನು ಹತ್ತಿದ್ದು. ನಾನು ಕಾಲೇಜಿನಲ್ಲಿ ಸೈಕಲ್ ಕಲಿಯುತ್ತಾ ಪ್ರಿನ್ಸಿಪಾಲರನ್ನೇ ಗುದ್ದಿದ್ದು. ನಕ್ಕು ನಕ್ಕು ಅತ್ತೆಗೆ ಬಿಕ್ಕಳಿಕೆ ಬಂತು. ಎರಡನೇ ದಿನ ಸಂಜೆ ನೋಡುತ್ತೇವೆ, ಒಂದು ಕಾಳೂ ಇಲ್ಲ.

ಮಾವನವರು ಬಂದು ಡಬ್ಬಿ ನೋಡಿ ತೃಪ್ತರಾಗಿ, "ಆ ಅಕ್ಕಿ ಏನ್ಮಾಡಿದ್ರಿ?" ಎಂದರು.

"ಹಕ್ಕಿಗೆ ಹಾಕಿದ್ವಿ," ಎಂದರು ನಮ್ಮತ್ತೆ, ಕಣ್ಣು ಮಿಟುಕಿಸದೆ. ಅತ್ತೆಯವರೂ ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ.

ಡಬ್ಬಿ ಮತ್ತೆ ಬೀರು ಸೇರಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಪಂಪಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಅದನ್ನು ಪರೀಕ್ಷಿಸಲು ಅದೇ ಎಂಜಿನಿಯರು ಮತ್ತೆ ಬಂದ. ದೊಡ್ಡ ಸಾಹೇಬರು ನಮ್ಮ ಮಾವನವರನ್ನು ಮೂರನೇ ಮಹಡಿಗೆ ಕರೆಸಿದರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ಕುರ್ಚಿ ತೋರಿಸಿ ಕೂರಿಸಿದರಂತೆ. ಆ ಕುರ್ಚಿ ತಿರುಗುತ್ತದೆ ಎಂದು ಗೊತ್ತಿಲ್ಲದೆ ಮಾವನವರು ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತು ಕೇಳಿಸಿಕೊಂಡರಂತೆ.

"ನೋಡಿ, ಅವರಿಗೆ ನಮ್ಮ ಹೋಟೆಲಿಂದು ಏನೂ ಸೇರ್ತಿಲ್ಲ. ಮುಖ ಸಣ್ಣಗೆ ಮಾಡ್ಕೊಂಡಿದ್ದಾರೆ. ಅವರ ಟೀ ಮಾಡೋ ಪದ್ಧತಿ ನಿಮಗೆ ಗೊತ್ತು ಅಂತ ಆಫೀಸೆಲ್ಲಾ ಹೇಳ್ತಿದೆ. ಶನಿವಾರ ನಾಲ್ಕು ಗಂಟೆಗೆ ನಿಮ್ಮ ಮನೆಗೆ ಕರ್ಕೊಂಡು ಬರ್ತೀನಿ. ನಿಮ್ಮನ್ನ ನಂಬಿದ್ದೀನಿ."

ನಿಮ್ಮನ್ನ ನಂಬಿದ್ದೀನಿ! ಆ ಮಾತು ಮಾವನವರ ಎದೆಯೊಳಗೆ ಹೋಗಿ ಕೂತಿತು. ಕೊಡೆ ಇಡಲು ಬರುತ್ತಿದ್ದವರು ಈಗ ಮೆಟ್ಟಿಲಿಳಿದು "ಹೇಗಿದ್ದೀರಿ ಸಾರ್" ಎನ್ನತೊಡಗಿದರು. ಮನೆಯಲ್ಲಿ ಕನ್ನಡಿಯ ಮುಂದೆ ಬಗ್ಗುವ ಅಭ್ಯಾಸ ನಡೆಯಿತು, ತಲೆಯಿಂದ ತಲೆಗೆ ಎಷ್ಟು ದೂರ ಬೇಕು ಎಂದು ಟೈಲರನ ಟೇಪಿನಿಂದ ಅಳೆದು. ರಾತ್ರಿ ಊಟಕ್ಕೆ ಕೂತಾಗ ಮಾತ್ರ ನಮ್ಮ ಮುಂದೆ ದನಿ ತಗ್ಗಿಸಿ ಹೇಳಿದರು: "ಇದೊಂದು ಸರಿಹೋಗಲಿ. ಇಲ್ಲದಿದ್ರೆ ಉಳಿದಿರೋ ಎರಡು ವರ್ಷ ಆ ಮೆಟ್ಟಿಲು ಹತ್ತೋದಕ್ಕೆ ನಂಗೆ ಮುಖ ಇರಲ್ಲ."

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ದುಭಾಷಿ ಬಂದಳು, ಮನೆ ನೋಡಿ ಹೋಗಲು. ಚುರುಕಾದ ಹುಡುಗಿ. "ನಿಮ್ಮ ಮನೇಲಿ ಈ ಟೀ ಇದೆ ಅಂತ ಗೊತ್ತಾದಾಗಿಂದ ಅವರು ಅದನ್ನೇ ಜಪ ಮಾಡ್ತಿದ್ದಾರೆ. ಅವರಜ್ಜಿ ಮನೇಲಿ ಬರೀ ಇದೇ ಅಂತೆ," ಎನ್ನುತ್ತಾ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ನೋಡಿದಳು. ಡಬ್ಬಿಯ ಮೇಲಿನ ಅಕ್ಷರ ನೋಡಿದಳು. ಮತ್ತೆ ಒಳಗೆ ನೋಡಿದಳು.

"ಅಕ್ಕಿ ಎಲ್ಲಿ?"

ಮಾವನವರು ಹೆಮ್ಮೆಯಿಂದ, "ತೆಗೆಸಿಬಿಟ್ಟೆ," ಎಂದರು.

"ಯಾಕೆ?"

"ಕಲಬೆರಕೆಯಾಗಿತ್ತಮ್ಮಾ. ಅವರಿಗೆ ಹೇಳಬೇಡ, ನೊಂದ್ಕೋತಾರೆ."

"ಸಾರ್," ಎಂದಳು ಆ ಹುಡುಗಿ, ಡಾಕ್ಟರು ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ, "ಇದು ಅಕ್ಕಿ ಟೀ. ಪಾಲಿಶ್ ಮಾಡದ ಅಕ್ಕಿ ಹುರಿದು ಹಾಕೋದೇ ಇದರ ವಿಶೇಷ. ಇಲ್ಲಿ ಬರೆದಿದೆ. ಇಷ್ಟು ದೊಡ್ಡದಾಗಿ."

ಮಾವನವರು ನಿಧಾನವಾಗಿ ಕೂತರು. ಕೂತಲ್ಲಿ ಕುರ್ಚಿ ಇರಲಿಲ್ಲ. ನೆಲದ ಮೇಲಿಂದಲೇ ಅತ್ತೆಯ ಮುಖ ನೋಡಿ, "ಇವಳೇ, ಆ ಹಕ್ಕಿಗಳು ಪೂರ್ತಿ ತಿಂದ್ವಾ?" ಎಂದು ಕೇಳಿದರು. ನಾನೂ ಅತ್ತೆಯೂ ಒಬ್ಬರನ್ನೊಬ್ಬರು ನೋಡಿದೆವು. "ಪೂರ್ತಿ," ಎಂದರು ಅತ್ತೆ.

ಹುಡುಗಿ ಕೈಗಡಿಯಾರ ನೋಡಿಕೊಂಡು ಓಡಿದಳು. ಮಾವನವರು ನೆಲದಲ್ಲೇ ಕೂತು, ಹೊಟ್ಟೆನೋವು ಎಂದು ಹೇಳಿಕಳಿಸುವುದೋ, ಊರು ಬಿಡುವುದೋ ಎಂದು ಲೆಕ್ಕ ಹಾಕತೊಡಗಿದರು. ಅತ್ತೆ ಸೆರಗು ಸಿಕ್ಕಿಸಿದರು.

"ಏಳ್ರೀ ಮೇಲೆ. ಅಕ್ಕಿ ತಾನೇ? ಹುರಿದ್ರಾಯ್ತು. ಮೂವತ್ತು ವರ್ಷದಿಂದ ಈ ಮನೇಲಿ ನಾನು ಹುರೀದೇ ಇರೋದು ನಿಮ್ಮನ್ನೊಬ್ಬರನ್ನೇ."

"ಪಾಲಿಶ್ ಮಾಡದೇ ಇರೋದು ಬೇಕಂತೆ ಕಣೇ! ನಮ್ಮ ಮನೇಲಿರೋದು ಮಲ್ಲಿಗೆ ಹಾಗೆ ಬೆಳ್ಳಗಿದೆ!"

ಅಷ್ಟರಲ್ಲಿ ಮೇಲ್ಮನೆಯಿಂದ ದಿನದ ಗೊಣಗು ಕೇಳಿಸಿತು. ತಪಾಸಣೆಯವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಕಂದು ಅಕ್ಕಿಯನ್ನೇ ತಿನ್ನಬೇಕೆಂದು ಹೇಳಿದ್ದರಿಂದ ಪ್ರತಿ ಹೊತ್ತೂ ತಟ್ಟೆಯ ಮುಂದೆ ಕೂತು ಡಾಕ್ಟರನ್ನು ಬೈಯುತ್ತಿದ್ದರು. ಅತ್ತೆ ಮೆಟ್ಟಿಲು ಹತ್ತಿದ್ದೂ ಕಾಣಲಿಲ್ಲ, ಇಳಿದದ್ದೂ ಕಾಣಲಿಲ್ಲ. ಒಂದು ಕೈಯಲ್ಲಿ ಕಂದು ಅಕ್ಕಿಯ ಡಬ್ಬ, ಇನ್ನೊಂದು ಕೈಯಲ್ಲಿ, ಹೆಚ್ಚು ಕಡಿಮೆ, ತಪಾಸಣೆಯವರು.

"ಅನ್ಯವಸ್ತು ಅಂದವರು ನೀವೇ ತಾನೇ? ಬನ್ನಿ, ಎಷ್ಟು ಬೆರೆಸಬೇಕು ನೀವೇ ಹೇಳಿ."

ಪಾಪ, ಆ ಮನುಷ್ಯ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೆವರಿದರು. "ಇಪ್ಪತ್ತು ವರ್ಷ ಸರ್ವೀಸು ಅಮ್ಮಾ. ಈ ಕೈಯಿಂದ ಟೀಗೆ ಅಕ್ಕಿ ಬೆರೆಸೋದು ಅಂದ್ರೆ…"

"ಶೇಕಡ ಎಷ್ಟು?"

"…ನಲವತ್ತು," ಎಂದರು ಕಣ್ಣು ಮುಚ್ಚಿ.

ಅತ್ತೆ ದಪ್ಪ ಬಾಣಲೆ ಇಟ್ಟರು. ಅಕ್ಕಿ ತೊಳೆದು, ನೆನೆಸಿ, ಬಟ್ಟೆಯ ಮೇಲೆ ಆರಹಾಕಿ, ಸಣ್ಣ ಉರಿಯಲ್ಲಿ ಹುರಿಯಲು ಶುರು ಮಾಡಿದರು. ಮೊದಲ ಸಲದ್ದು ಹಸಿ ಹಸಿ. ಎರಡನೆಯದು ಸೀದುಹೋಯಿತು. ಮೂರನೆಯದಕ್ಕೆ ಮಾವನವರು ಎದ್ದು ಬಂದು ಬಾಣಲೆಯ ಪಕ್ಕ ಕಿವಿ ಇಟ್ಟರು. "ಇನ್ನೂ ಇಲ್ಲ… ಇನ್ನೂ ಇಲ್ಲ… ಈಗ ದನಿ ಬದಲಾಯ್ತು. ಇಳಿಸು!" ಕಾಳು ಪಟ್ ಪಟ್ ಎಂದು ಸಿಡಿದು ಅಲ್ಲೊಂದು ಇಲ್ಲೊಂದು ಬೆಳ್ಳಗೆ ಅರಳಿತು. ಅತ್ತೆ ಒಂದು ಕಾಳು ನನ್ನ ಬಾಯಿಗಿಟ್ಟರು. ಕರುಂ. ನಾನು ತಲೆಯಾಡಿಸಿದೆ. ಅದೇ ರುಚಿ. ನನಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು?

ಬೀದಿಯೆಲ್ಲ ಘಮ್ಮೆಂದಿತು. ಟೈಲರು ಹೊಲಿಗೆ ನಿಲ್ಲಿಸಿ ಬಂದು ಕಿಟಕಿಗೆ ಮೂಗು ಆನಿಸಿದ.

ನಾಲ್ಕಕ್ಕೆ ಸರಿಯಾಗಿ ಕಾರು ಬಂತು. ದೊಡ್ಡ ಸಾಹೇಬರು, ದುಭಾಷಿ, ಅವರ ಹಿಂದೆ ಸೊಂಟಕ್ಕೆ ಕೈ ಕೊಟ್ಟುಕೊಂಡು ಎಂಜಿನಿಯರು. ಟೇಪಿನ ಅಳತೆಯ ಪ್ರಕಾರ ನಮಸ್ಕಾರಗಳಾದವು; ಯಾರ ತಲೆಗೂ ಪೆಟ್ಟಾಗಲಿಲ್ಲ. ಬಿಸಿ ನೀರು ಸುರಿದು, ಅರವತ್ತು ಎಣಿಸಿ, ಸೋಸಿ ತಂದುಕೊಟ್ಟೆ. ಹಾಲಿಲ್ಲ, ಸಕ್ಕರೆಯಿಲ್ಲ. ಹಳದಿ ಬೆರೆತ ತಿಳಿ ಹಸಿರು. ಎಂಜಿನಿಯರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದ. ನಿಂತುಬಿಟ್ಟ. ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ.

ನಮ್ಮ ಮನೆಯ ಗಡಿಯಾರ ಅಷ್ಟು ಗಟ್ಟಿಯಾಗಿ ಬಡಿದದ್ದನ್ನು ನಾನು ಕೇಳಿರಲಿಲ್ಲ.

ಕಣ್ಣು ತೆರೆದು ಆತ ಮಾವನವರ ಕಡೆ ನೋಡಿ ಮೂರು ಬೆರಳು ಎತ್ತಿದ. ಮೂಗು ಮುಟ್ಟಿದ. ಕೈ ಅತ್ತಿತ್ತ ಆಡಿಸಿದ. ಆಮೇಲೆ ತನ್ನ ಭಾಷೆಯಲ್ಲಿ ಏನೋ ಕೇಳಿದ. ನಾವೆಲ್ಲ ದುಭಾಷಿಯ ಬಾಯಿಯನ್ನೇ ನೋಡುತ್ತಾ ನಿಂತೆವು.

"ಅವರು ಹೇಳ್ತಿದ್ದಾರೆ: ಹೋದ ವರ್ಷವೇ ನಾನು ನಿಮಗೆ ಹೇಳಿದ್ದೆ, ತೆರೆದ ಮೇಲೆ ಮೂರು ತಿಂಗಳೊಳಗೆ ಕುಡೀರಿ, ಆಮೇಲೆ ವಾಸನೆ ಹೋಗುತ್ತೆ ಅಂತ. ನೀವು ಇಟ್ಕೊಂಡಿದ್ದೀರಿ ಅಂತ ತಿಳಿದಾಗ ಸಂತೋಷವೂ ಆಯ್ತು, ಭಯವೂ ಆಯ್ತು. ಬರೀ ಬಿಸಿ ನೀರು ಕುಡಿದು ಚೆನ್ನಾಗಿದೆ ಅನ್ನಬೇಕಾಗುತ್ತೆ ಅಂತ ದಾರೀಲಿ ನಗೋದು ಅಭ್ಯಾಸ ಮಾಡ್ಕೊಂಡು ಬಂದೆ. ಆದ್ರೆ ಇದು ಇವತ್ತು ಹುರಿದ ಹಾಗಿದೆಯಲ್ಲ, ಹೇಗೆ ಅಂತ ಕೇಳ್ತಿದ್ದಾರೆ."

ವರ್ಷಪೂರ್ತಿ ಬಂದವರ ಮೂಗಿಗೆಲ್ಲ ಮುಚ್ಚಳ ಬಿಚ್ಚಿ ಹಿಡಿದದ್ದು ನೆನಪಾಗಿ ನನಗೆ ನಗು ತಡೆಯಲಾಗಲಿಲ್ಲ. ಆದರೆ ಮಾವನವರ ಮುಖ ನೋಡಿ ನಿಲ್ಲಿಸಿದೆ. ದೊಡ್ಡ ಸಾಹೇಬರು ಎದುರಿಗಿದ್ದಾರೆ. "ಅದು ನಮ್ಮ ಗುಟ್ಟು" ಎಂದರೆ ಮುಗಿಯಿತು. ಮೂರನೇ ಮಹಡಿ ಮಾವನವರದು. ಅವರ ಬಾಯಿಯೂ ತೆರೆಯಿತು. ಇಷ್ಟು ನೀರು ಸೇರಿಸಿದ ಬಾಯಿ ಅದು.

"ಇವಳು ಹುರಿದದ್ದು," ಎಂದರು, ಅತ್ತೆಯ ಕಡೆ ಕೈ ತೋರಿಸಿ. "ನಿಮ್ಮ ಅಕ್ಕಿನ ಕಸ ಅಂದ್ಕೊಂಡು ನಾನು ತೆಗೆಸಿಬಿಟ್ಟಿದ್ದೆ. ನಂಗೆ ಯಾವ ಪದ್ಧತಿನೂ ಗೊತ್ತಿಲ್ಲ. ಈ ಟೀ ನಾನು ಕುಡಿದೇ ಇಲ್ಲ. ಪಂಪಿನ ವಿಷಯಾನೂ ನನ್ನನ್ನ ಯಾರೂ ಕೇಳಿರಲಿಲ್ಲ ಸಾರ್."

ದುಭಾಷಿ ಹೇಳಿದಳು. ಎಂಜಿನಿಯರು ಕೇಳಿ ಮುಗಿಸಿ, ಬಟ್ಟಲು ಕೆಳಗಿಟ್ಟು, ನೇರವಾಗಿ ಅಡುಗೆಮನೆಗೆ ನಡೆದ. ಹಿಂದೆ ದೊಡ್ಡ ಸಾಹೇಬರು, ತಪಾಸಣೆಯವರು, ಕಿಟಕಿಯಿಂದ ಬಾಗಿಲಿಗೆ ಬಂದ ಟೈಲರು. ಇಬ್ಬರಿಗೆ ಮಾತ್ರ ಜಾಗವಿದ್ದ ಅಡುಗೆಮನೆಯಲ್ಲಿ ಎಂಟು ಜನ. ಆತ ಬಾಣಲೆಯೊಳಗೆ ಉಳಿದಿದ್ದ ಕಾಳುಗಳನ್ನು ಕೈಯಾಡಿಸಿ ಮೂಸಿದ. ಸೀದ ಎರಡನೇ ಸಲದ ಅಕ್ಕಿಯನ್ನು ಕಂಡು ಜೋರಾಗಿ ನಕ್ಕ. ಅವರಜ್ಜಿಯದೂ ಹೀಗೇ ಸೀಯುತ್ತಿತ್ತಂತೆ. ಸೀದದ್ದನ್ನು ಇವನಿಗೇ ಕೊಡುತ್ತಿದ್ದರಂತೆ. ಆ ಸೀದ ಅಕ್ಕಿಯನ್ನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಕಣ್ಣು ಒದ್ದೆ ಮಾಡಿಕೊಂಡು, ನಮ್ಮತ್ತೆಗೆ ಅಷ್ಟು ಬಗ್ಗಿ ನಮಸ್ಕರಿಸಿದ. ಜಾಗ ಸಾಲದೆ ತಲೆ ತಪಾಸಣೆಯವರ ಹೊಟ್ಟೆಗೆ ತಾಗಿತು.

"ಡಬ್ಬಿ ಕೊಟ್ಟದ್ದು ಪಂಪಿಗಲ್ಲ ಅಂತಿದ್ದಾರೆ," ಎಂದಳು ದುಭಾಷಿ, ದೊಡ್ಡ ಸಾಹೇಬರ ಕಡೆ ತಿರುಗಿ. "ಇವರಿಗೆ ಸೊಂಟನೋವು. ಪಂಪ್ ಮನೇಲಿ ಕೂರೋದಕ್ಕೆ ಏನೂ ಇರಲಿಲ್ಲವಂತೆ. ಈ ಸಾರ್ ತಮ್ಮ ಸ್ಟೂಲು ತಂದುಕೊಟ್ಟು ಹೋದ್ರಂತೆ. ಸಾರ್ ಹತ್ರ ಇನ್ನೊಂದಿರಬೇಕು ಅಂತ ಇವರು ಅಂದ್ಕೊಂಡ್ರಂತೆ. ಕೊನೇ ದಿನ ನೋಡ್ತಾರೆ, ಸಾರ್ ಬೆಂಚಿನ ಹತ್ರ ನಿಂತ್ಕೊಂಡೇ ಕೆಲಸ ಮಾಡ್ತಿದ್ರಂತೆ. ಮೂರು ವಾರ."

ಅದನ್ನು ಮಾವನವರು ನಮಗೆ ಒಂದು ದಿನವೂ ಹೇಳಿರಲಿಲ್ಲ. ಅದಕ್ಕೆ ನೀರು ಸೇರಿಸಲು ಜಾಗವಿರಲಿಲ್ಲವೋ ಏನೋ. ಈಗಲೂ ಅವರು ಗೋಡೆ ನೋಡುತ್ತಾ, "ಹೊರಗೆ ಎಲ್ಲೋ ನಲ್ಲಿ ತೊಟ್ಟಿಕ್ತಾ ಇದೆ," ಎಂದು ಹೊರನಡೆದರು. ಯಾವ ನಲ್ಲಿಯೂ ತೊಟ್ಟಿಕ್ಕುತ್ತಿರಲಿಲ್ಲ.

ಸೋಮವಾರ ಮೀಟರು ಕೋಣೆಗೆ ಬೆನ್ನಾನಿಸುವ ಕುರ್ಚಿ ಬಂತು. ತಿರುಗುವುದಲ್ಲ, ಮಾವನವರೇ ಬೇಡ ಎಂದಿದ್ದರು. ಒದ್ದೆ ಕೊಡೆಗಳೂ ಬರುವುದು ನಿಲ್ಲಲಿಲ್ಲ. ಆದರೆ ಕೊಡೆಯ ಹಿಂದೆ ಬಂದವರು ಐದು ನಿಮಿಷ ಕೂತು ಹೋಗುತ್ತಿದ್ದರು.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಅತ್ತೆ ಹೋಗಿ ಆರು ವರ್ಷ. ಈಗ ಆ ಚಹಾ ಪೇಟೆಯ ದೊಡ್ಡ ಅಂಗಡಿಯಲ್ಲೇ ಸಿಗುತ್ತದೆ, ಅಕ್ಕಿ ಸಮೇತ. ಮೊನ್ನೆ ತಂದೆ. ಹಿತ್ತಲ ಬಾಗಿಲಲ್ಲಿ ಕೂತು, ಯಾಕೋ ಮೊರಕ್ಕೆ ಸುರಿದುಕೊಂಡು, ಹಸಿರು ಒಂದು ಕಡೆ, ಕಂದು ಒಂದು ಕಡೆ ಮಾಡುತ್ತಾ ಒಂದು ಕಾಳು ಬಾಯಿಗೆ ಹಾಕಿಕೊಂಡೆ.

ಕರುಂ.

ಮುಂದಿನ ಕೋಣೆಯಿಂದ ಮಾವನವರ ದನಿ ಬಂತು. ಎಂಬತ್ತು ದಾಟಿದರೂ ಆ ಕಿವಿಗೆ ವಯಸ್ಸಾಗಿಲ್ಲ.

"ಏನಮ್ಮಾ ಅದು ಶಬ್ದ?"

"ಅನ್ಯವಸ್ತು ಮಾವ."

"ಎಷ್ಟಿದೆ?"

"ಶೇಕಡ ನಲವತ್ತು."

ಆಮೇಲೆ ಹೇಳಿದರು: "ಹಕ್ಕಿಗೆ ಹಾಕಿದೆ ಅಂದಿದ್ಳು. ನಂಗೆ ಗೊತ್ತಾಗಲ್ಲ ಅಂತ ಕೊನೇವರೆಗೂ ನಂಬಿದ್ಳು. ಎರಡು ದಿನ ಅವಳ ಉಸಿರೇ ಹುರಿದಕ್ಕಿ ವಾಸನೆ ಬರ್ತಿತ್ತು."

ನನ್ನ ಕೈ ಮೊರದಲ್ಲೇ ನಿಂತಿತು.

"ನಂಗೂ ಒಂದು ಹಿಡಿ ತಗೊಂಡು ಬಾ," ಎಂದರು ಮಾವನವರು. "ಆ ಹಕ್ಕಿ ಪಾಲಿಂದೂ ಸೇರಿಸಿ ತಾ."